ಕುಲುಮೆಯ ಮಗ ಕಟ್ಟಿದ ಬಂಡಿ: ಸೊಯಿಚಿರೊ ಹೊಂಡಾ ಅವರ ಬದುಕು

ನಮ್ಮ ಮನೆಯ ಹಿತ್ತಲಿನ ಮಾಡಿನ ಕೆಳಗೆ ಒಂದು ಹಳೆಯ ಹೀರೊ ಹೊಂಡಾ ಸಿಡಿ 100 ನಿಂತಿದೆ. ತೀರ್ಥರೂಪರು ಕೊಂಡ ಬಂಡಿ. 1985ರಲ್ಲಿ ಈ ಮಾದರಿ ನಮ್ಮ ದೇಶದ ರಸ್ತೆಗಿಳಿದಾಗ ನಾವು ಸ್ಲೇಟು ಹಿಡಿಯುವ ವಯಸ್ಸಿನವರು. ಈಗ ಭಾನುವಾರಗಳಂದು ನಮ್ಮ ಶಾಲೆಯ ನಾಲ್ಕಾರು ಮಕ್ಕಳು ಬಂದು ಅದರ ಸುತ್ತ ಕುಳಿತುಕೊಳ್ಳುತ್ತಾರೆ. ಚೈನು ಬಿಗಿಸುವುದು, ಸ್ಪಾರ್ಕ್ ಪ್ಲಗ್ ಕಳಚಿ ಮಸಿ ಉಜ್ಜುವುದು, ಎಂಜಿನ್ ಎಣ್ಣೆ ಬದಲಿಸುವುದು, ಫೀಲರ್ ಗೇಜಿನ ತೆಳು ತಗಡನ್ನು ತೂರಿಸಿ ಟ್ಯಾಪೆಟ್ಟಿನ ಸಂದು ಅಳೆಯುವುದು, ಇವಿಷ್ಟೂ ಅವರಿಗೆ ಈಗ ರೂಢಿಯಾಗಿವೆ. ಒಂದು ದಿನ ಟ್ಯಾಂಕಿನ ಮೇಲಿನ ಹೆಸರನ್ನು ಓದಿದ ಐದನೆಯ ತರಗತಿಯ ಬಾಲಕಿಯೊಬ್ಬಳು, ಹೊಂಡವೆಂದರೆ ನೀರು ನಿಲ್ಲುವ ಗುಂಡಿಯಲ್ಲವೇ, ಬಂಡಿಗೇಕೆ ಆ ಹೆಸರು ಎಂದು ಕೇಳಿ ಉಳಿದವರನ್ನೆಲ್ಲ ನಗಿಸಿದಳು. ಅದು ಒಬ್ಬ ಮನುಷ್ಯನ ಮನೆತನದ ಹೆಸರು, ಜಪಾನೀ ಬರಹದಲ್ಲಿ ಅದರ ಮೊದಲ ಚಿಹ್ನೆಗೆ ಮೂಲವೆಂದೂ ಎರಡನೆಯದಕ್ಕೆ ಗದ್ದೆಯೆಂದೂ ಅರ್ಥ ಎಂದು ನಾವು ತಿಳಿಸಿದೆವು. ಆ ಮನುಷ್ಯ ಯಾರೆಂಬ ಪ್ರಶ್ನೆಗೆ ಅಂದು ಪೂರ್ತಿಯಾಗಿ ಉತ್ತರಿಸಲಾಗಲಿಲ್ಲ. ಈ ಬರಹ ಆ ಬಾಕಿಯನ್ನು ತೀರಿಸುವ ಪ್ರಯತ್ನ.

ಹೊಸೂರು ಸೀಮೆಯ ಕನ್ನಡಿಗರಿಗೆ ಜಪಾನೀ ಬೈಕುಗಳು ದೂರದ ವಸ್ತುಗಳಲ್ಲ. 1984ರಲ್ಲಿ ಇಂಡ್-ಸುಜುಕಿ ಬೈಕು ಹೊರಬಂದದ್ದು ನಮ್ಮ ಹೊಸೂರಿನ ಕಾರ್ಖಾನೆಯಿಂದಲೇ. ಗಡಿ ದಾಟಿ ಕೋಲಾರದತ್ತ ಹೋದರೆ ನರಸಾಪುರದಲ್ಲಿ 2013ರಿಂದ ಹೊಂಡಾ ಕಾರ್ಖಾನೆಯಿದೆ. ಕೈಗಾರಿಕೆಗಳ ಈ ನೆರೆಹೊರೆಯಿಂದಾಗಿ ನಮ್ಮ ಪಾಲಕರ ನಡುವೆ ಎರಡು ಮಾತುಗಳು ಪದೇ ಪದೇ ಕೇಳಿಬರುತ್ತವೆ. ಯಂತ್ರದ ವಿದ್ಯೆ ಇಂಗ್ಲಿಷಿನಲ್ಲಿದೆ, ಕನ್ನಡ ಶಾಲೆಯಲ್ಲಿ ಕೂತ ಮಗುವಿಗೆ ಅದು ದಕ್ಕದು ಎಂಬುದು ಮೊದಲನೆಯದು; ಈ ಮಾತಿನಿಂದಾಗಿಯೇ ನಮ್ಮ ತರಗತಿಗಳ ಬೆಂಚುಗಳು ಬರಿದಾಗುತ್ತಿವೆ. ಎರಡನೆಯದನ್ನು ಹುಡುಗರು ಆಡುತ್ತಾರೆ. ಹೊಂಡಾ ಕಂಪನಿ ಕಟ್ಟಿದವನೇ ಓದದವನು, ನಮಗೇಕೆ ಓದು ಎಂದು. ಹೊಂಡಾ ಅವರ ಬದುಕನ್ನು ಮೊದಲಿನಿಂದ ಕೊನೆಯವರೆಗೆ ನೋಡಿದರೆ ಈ ಎರಡು ಮಾತುಗಳಿಗೂ ಅಲ್ಲಿ ಆಧಾರ ಸಿಗುವುದಿಲ್ಲ.

ಸೊಯಿಚಿರೊ ಹೊಂಡಾ ಜನಿಸಿದ್ದು 1906ರ ನವೆಂಬರ್ 17ರಂದು, ಜಪಾನಿನ ಹಮಾಮತ್ಸು ಪಟ್ಟಣದ ಸಮೀಪದ ಕೊಮ್ಯೊ ಎಂಬ ಹಳ್ಳಿಯಲ್ಲಿ. ತಂದೆ ಗಿಹೇ ಕಮ್ಮಾರರು. ತಾಯಿ ಮಿಕಾ ಮಗ್ಗದಲ್ಲಿ ನೇಯುತ್ತಿದ್ದರು. ಕುಲುಮೆಯ ಕೆಲಸದ ಜೊತೆಗೆ ತಂದೆ ಕ್ರಮೇಣ ಸೈಕಲ್ ರಿಪೇರಿಯನ್ನೂ ಕೈಗೆತ್ತಿಕೊಂಡರು. ಕೆಟ್ಟ ಸೈಕಲ್ಲುಗಳನ್ನು ತಂದು, ಸರಿಪಡಿಸಿ ಮಾರುವುದು ಆ ಮನೆಯ ಜೀವನೋಪಾಯವಾಯಿತು. ಬಾಲಕನಿಗೆ ಆಟಿಕೆ, ಪಾಠಶಾಲೆ ಎರಡೂ ಆ ಕುಲುಮೆಯೇ. ಹಳ್ಳಿಗೆ ಮೊದಲ ಮೋಟಾರು ಕಾರು ಬಂದ ದಿನ ಅದರ ಹಿಂದೆ ಓಡಿ, ಅದು ನಿಂತಲ್ಲಿ ನೆಲಕ್ಕೆ ತೊಟ್ಟಿಕ್ಕಿದ ಎಣ್ಣೆಯನ್ನು ಮೂಸಿ ಕೈಗೆ ಹಚ್ಚಿಕೊಂಡನಂತೆ. 1917ರಲ್ಲಿ ಆರ್ಟ್ ಸ್ಮಿತ್ ಎಂಬ ಅಮೆರಿಕದ ವಿಮಾನಚಾಲಕ ಹಮಾಮತ್ಸುವಿನಲ್ಲಿ ಹಾರಾಟ ಪ್ರದರ್ಶಿಸಿದಾಗ, ಈ ಹತ್ತು ವರ್ಷದ ಹುಡುಗ ಮನೆಯಲ್ಲಿ ಯಾರಿಗೂ ಹೇಳದೆ ತಂದೆಯ ದೊಡ್ಡ ಸೈಕಲ್ಲನ್ನು ಹತ್ತಿ ಪಟ್ಟಣಕ್ಕೆ ಹೋದ. ಪ್ರವೇಶಕ್ಕೆ ಕಾಸು ಸಾಲದಾಗ ಪಕ್ಕದ ಪೈನ್ ಮರವನ್ನೇರಿ ವಿಮಾನ ನೋಡಿ ಬಂದ.

ಶಾಲೆಯಲ್ಲಿ ಈತ ಜಾಣನೆನಿಸಿಕೊಳ್ಳಲಿಲ್ಲ. ಇಲ್ಲೊಂದು ಪ್ರಸಂಗವನ್ನು ಹೇಳದೆ ಮುಂದೆ ಹೋಗಲು ಮನಸ್ಸಾಗದು, ಶಿಕ್ಷಕರಾದ ನಾವು ಇದನ್ನು ಮಕ್ಕಳ ಮುಂದೆ ಹೇಳುವುದು ಉಚಿತವೋ ಅಲ್ಲವೋ ಎಂಬ ಅನುಮಾನ ಇದ್ದರೂ. ಅಲ್ಲಿನ ಅಂಕಪಟ್ಟಿಗಳಿಗೆ ಪೋಷಕರು ಸಹಿಯ ಬದಲು ಮನೆತನದ ಮುದ್ರೆಯನ್ನು ಒತ್ತಿ ಕಳುಹಿಸಬೇಕಿತ್ತು. ಕಡಮೆ ಅಂಕದ ಪಟ್ಟಿಯನ್ನು ತಂದೆಗೆ ತೋರಿಸಲು ಹೆದರಿದ ಸೊಯಿಚಿರೊ, ಸೈಕಲ್ ಪೆಡಲಿನ ರಬ್ಬರನ್ನು ಕೆತ್ತಿ ತನ್ನದೇ ಒಂದು ಮುದ್ರೆ ಮಾಡಿಕೊಂಡ. ಅದು ಯಾರ ಕಣ್ಣಿಗೂ ಬೀಳಲಿಲ್ಲ. ಗೆಳೆಯರಿಗೂ ಮಾಡಿಕೊಟ್ಟ, ಆಗ ಸಿಕ್ಕಿಬಿದ್ದ. ಕಾರಣ ಸರಳವಾದುದು. ಮುದ್ರೆಯಲ್ಲಿ ಅಕ್ಷರಗಳನ್ನು ತಿರುಗುಮುರುಗಾಗಿ ಕೆತ್ತಬೇಕೆಂಬುದು ಆತನಿಗೆ ತಿಳಿದಿರಲಿಲ್ಲ. ಹೊಂಡಾ ಎಂಬ ಹೆಸರಿನ ಎರಡೂ ಚಿಹ್ನೆಗಳು ಎಡಕ್ಕೂ ಬಲಕ್ಕೂ ಒಂದೇ ಸಮನಾಗಿರುವುದರಿಂದ ಆತನ ಮುದ್ರೆ ಹೇಗಿದ್ದರೂ ಸರಿಯಾಗಿಯೇ ಮೂಡುತ್ತಿತ್ತು. ಗೆಳೆಯರ ಹೆಸರುಗಳು ಹಾಗಿರಲಿಲ್ಲ. ಕೈಚಳಕವಿತ್ತು, ಅದರ ಹಿಂದಿನ ಕಾರಣದ ಅರಿವು ಇರಲಿಲ್ಲ. ಇಪ್ಪತ್ತು ವರ್ಷಗಳ ಬಳಿಕ ಇದೇ ಕೊರತೆ ಆತನನ್ನು ದಿವಾಳಿಯ ಅಂಚಿಗೆ ತಂದು ನಿಲ್ಲಿಸಲಿತ್ತು.

1922ರಲ್ಲಿ ಶಾಲೆ ಮುಗಿಸಿದ ಹುಡುಗ ಟೋಕಿಯೊದ ಆರ್ಟ್ ಶೊಕಾಯ್ ಎಂಬ ಮೋಟಾರು ದುರಸ್ತಿಯ ಅಂಗಡಿಗೆ ಕಲಿಕೆಗೆ ಸೇರಿದ. ಪಾನಾ ಹಿಡಿಯುವ ಕನಸಿನೊಂದಿಗೆ ಹೋದವನಿಗೆ ಸಿಕ್ಕಿದ್ದು ಮಾಲೀಕರ ಕೂಸನ್ನು ಬೆನ್ನಿಗೆ ಕಟ್ಟಿಕೊಂಡು ಆಡಿಸುವ ಕೆಲಸ. ತಿಂಗಳುಗಟ್ಟಲೆ ಕೂಸನ್ನು ಹೊತ್ತು, ನೆಲ ಒರೆಸುತ್ತ, ದೂರದಿಂದಲೇ ಎಂಜಿನ್ನುಗಳನ್ನು ನೋಡಿದ. ಊರಿಗೆ ಓಡಿಹೋಗಬೇಕೆನಿಸಿದರೂ ತಂದೆಯ ಮುಖ ನೆನೆದು ತಡೆದುಕೊಂಡ. ಕಡೆಗೊಂದು ದಿನ ಕೆಲಸ ಹೆಚ್ಚಾದಾಗ ಕರೆ ಬಂತು. 1923ರ ಸೆಪ್ಟೆಂಬರಿನ ಮಹಾಭೂಕಂಪದಲ್ಲಿ ಟೋಕಿಯೊ ಸುಟ್ಟು ಬೂದಿಯಾದ ಮೇಲೆ ಅಂಗಡಿಯ ಬಹುತೇಕ ಕೆಲಸಗಾರರು ಊರಿಗೆ ಮರಳಿದರು. ಸೊಯಿಚಿರೊ ಉಳಿದ. ಬೆಂಕಿಗೆ ಸಿಕ್ಕಿದ ಕಾರುಗಳನ್ನು ಒಂದೊಂದಾಗಿ ಎಬ್ಬಿಸಿ ನಿಲ್ಲಿಸುವ ಆ ಕೆಲಸದಲ್ಲಿ ಆತ ಕಲಿತದ್ದನ್ನು ಯಾವ ಪಠ್ಯವೂ ಕಲಿಸಲಾರದಿತ್ತು. ಆರು ವರ್ಷಗಳ ತರುವಾಯ, 1928ರಲ್ಲಿ, ಮಾಲೀಕರ ಒಪ್ಪಿಗೆಯೊಂದಿಗೆ ಅದೇ ಹೆಸರಿನಲ್ಲಿ ಹಮಾಮತ್ಸುವಿನಲ್ಲಿ ಸ್ವಂತ ಶಾಖೆ ತೆರೆದ.

ಅಂಗಡಿ ಬೆಳೆಯಿತು. ಕಾರಿನ ಚಕ್ರಗಳಿಗೆ ಆಗ ಮರದ ಕಡ್ಡಿಗಳಿರುತ್ತಿದ್ದವು. ಹೊಂಡಾ ಎರಕದ ಕಬ್ಬಿಣದ ಕಡ್ಡಿಗಳನ್ನು ರೂಪಿಸಿ ಹಕ್ಕುಪತ್ರ ಪಡೆದರು. ಹಳೆಯ ಎಂಜಿನ್ನುಗಳಿಂದ ರೇಸ್ ಕಾರುಗಳನ್ನು ಕಟ್ಟುವ ಹುಚ್ಚೂ ಹತ್ತಿತು. 1936ರಲ್ಲಿ ತಮಗಾವಾ ಓಟದ ಮೈದಾನದಲ್ಲಿ ಅವರ ಕಾರು ಮತ್ತೊಂದಕ್ಕೆ ಢಿಕ್ಕಿ ಹೊಡೆದು ಮಗುಚಿಬಿತ್ತು. ಹೊಂಡಾ ಅವರಿಗೂ ಜೊತೆಗಿದ್ದ ತಮ್ಮ ಬೆಂಜಿರೊಗೂ ಗಾಯಗಳಾದವು. ಅಷ್ಟರಲ್ಲಿ ಅವರ ಮನಸ್ಸು ದುರಸ್ತಿಯಿಂದ ತಯಾರಿಕೆಯತ್ತ ತಿರುಗಿತ್ತು. ಅವರು ಆರಿಸಿಕೊಂಡದ್ದು ಪಿಸ್ಟನ್ ರಿಂಗುಗಳನ್ನು.

ಇಲ್ಲಿ ತುಸು ನಿಲ್ಲಬೇಕು. ಎಂಜಿನ್ನಿನ ಸಿಲಿಂಡರಿನೊಳಗೆ ಪಿಸ್ಟನ್ನು ಮೇಲೆ ಕೆಳಗೆ ಓಡುತ್ತದೆ. ಅದರ ಮೈಸುತ್ತ ಬಳೆಯಂತೆ ಕೂತಿರುವ ರಿಂಗುಗಳು ಉರಿದ ಅನಿಲ ಕೆಳಗೆ ಸೋರದಂತೆಯೂ ಕೆಳಗಿನ ಎಣ್ಣೆ ಮೇಲೇರದಂತೆಯೂ ತಡೆಯುತ್ತವೆ. ಹಳೆಯ ಫೋರ್ ಸ್ಟ್ರೋಕ್ ಬೈಕು ನೀಲಿಯ ಹೊಗೆ ಬಿಡುತ್ತಿದ್ದರೆ ಸವೆದ ರಿಂಗೇ ಕಾರಣವೆಂದು ಮೆಕ್ಯಾನಿಕರು ಮೊದಲು ಶಂಕಿಸುವುದು ಅದಕ್ಕೇ. ನೋಡಲು ಅದು ಬರಿಯ ಕಬ್ಬಿಣದ ಬಳೆ, ಒಂದು ಕಡೆ ಸೀಳಿರುತ್ತದೆ. ಕಮ್ಮಾರನ ಮಗನಿಗೆ ಇದೇನು ಮಹಾ ಎನಿಸಿತು. ಹಗಲಿರುಳು ಎರಕ ಹೊಯ್ದರು. ಹೊಯ್ದದ್ದೆಲ್ಲ ಒಂದೋ ಗಾಜಿನಂತೆ ಮುರಿಯುತ್ತಿತ್ತು, ಇಲ್ಲವೇ ಪುಟಿಯುವ ಗುಣವಿಲ್ಲದೆ ನಿರುಪಯೋಗವಾಗುತ್ತಿತ್ತು. ಕೂಡಿಟ್ಟ ಹಣ ಕರಗಿತು, ಪತ್ನಿ ಸಾಚಿಯವರ ಒಡವೆಗಳೂ ಅಡವಿಗೆ ಹೋದವು.

ಕೊನೆಗೆ ಅವರು ಹಮಾಮತ್ಸುವಿನ ಉನ್ನತ ಕೈಗಾರಿಕಾ ಶಾಲೆಯ ಬಾಗಿಲು ತಟ್ಟಿದರು. ಅಲ್ಲಿನ ಪ್ರಾಧ್ಯಾಪಕರೊಬ್ಬರು ರಿಂಗನ್ನು ಪರೀಕ್ಷಿಸಿ, ಇದರಲ್ಲಿ ಸಿಲಿಕಾನ್ ಸಾಲದೆಂದರು. ಅದು ಸೇರಬೇಕೆಂಬ ಸಂಗತಿಯೇ ಹೊಂಡಾ ಅವರಿಗೆ ಗೊತ್ತಿರಲಿಲ್ಲ. ಮೂವತ್ತರ ಆ ಕಾರ್ಖಾನೆಯೊಡೆಯ ಅದೇ ಶಾಲೆಯಲ್ಲಿ, ತಮಗಿಂತ ಹತ್ತು ಹನ್ನೆರಡು ವರ್ಷ ಕಿರಿಯರ ನಡುವೆ, ಲೋಹಶಾಸ್ತ್ರದ ಪಾಠಕ್ಕೆ ಕುಳಿತರು. ಹಗಲು ತರಗತಿ, ಸಂಜೆ ಎರಕದ ಮನೆ. ಬೇಕಾದ ಪಾಠವನ್ನಷ್ಟೇ ಕೇಳಿದರು, ಪರೀಕ್ಷೆಗೆ ಕೂರಲಿಲ್ಲ. ಶಾಲೆ ಅವರಿಗೆ ಪ್ರಮಾಣಪತ್ರ ಕೊಡಲಿಲ್ಲ, ಅವರೂ ಅದಕ್ಕೆ ಚಿಂತಿಸಲಿಲ್ಲ. ನಮ್ಮ ಹುಡುಗರು ಕೇಳಿರುವುದು ಈ ಕಡೆಯ ವಾಕ್ಯವನ್ನು ಮಾತ್ರ. ಮೂವತ್ತರ ವಯಸ್ಸಿನಲ್ಲಿ ಸಂಕೋಚ ಬಿಟ್ಟು ಮತ್ತೆ ಬೆಂಚಿನ ಮೇಲೆ ಕುಳಿತ ಭಾಗ ಅವರ ಕಿವಿಗೆ ಬಿದ್ದೇ ಇಲ್ಲ. ಪಾಲಕರು ಗಮನಿಸಬೇಕಾದ ಸಂಗತಿ ಇನ್ನೊಂದಿದೆ. ಆ ಲೋಹಶಾಸ್ತ್ರ ಅವರಿಗೆ ದಕ್ಕಿದ್ದು ಜಪಾನೀ ಭಾಷೆಯಲ್ಲಿ. ಊರಿನ ಶಾಲೆಯಲ್ಲಿ ಕಲಿತ ಭಾಷೆಯೇ ಎರಕದ ರಹಸ್ಯವನ್ನೂ ಹೇಳಿಕೊಟ್ಟಿತು. ನಡುವೆ ಬೇರೊಂದು ಭಾಷೆಯ ಗೋಡೆಯನ್ನು ಹತ್ತಿ ಇಳಿಯಬೇಕಾಗಿದ್ದರೆ, ಹೈಸ್ಕೂಲಿನಲ್ಲೂ ಓದದ ಆ ಮನುಷ್ಯ ಸಂಜೆ ದುಡಿದು, ಸಾಲದ ಹೊರೆ ಹೊತ್ತು, ಅಲ್ಲಿಗೆ ತಲುಪುತ್ತಿದ್ದರೇ? ನಮಗೆ ಅನುಮಾನವಿದೆ.

ರಿಂಗು ಕಡೆಗೂ ಬಂತು. ಆದರೂ ಟೊಯೋಟಾ ಕಂಪನಿಗೆ ಪರೀಕ್ಷೆಗಾಗಿ ಕೊಟ್ಟ 50 ರಿಂಗುಗಳಲ್ಲಿ ಗುಣಮಟ್ಟ ಮುಟ್ಟಿದ್ದು 3 ಮಾತ್ರ. ಬಿಡಿ ರಿಂಗನ್ನು ಚೆನ್ನಾಗಿ ಮಾಡುವುದು ಬೇರೆ, ಸಾವಿರವನ್ನು ಒಂದೇ ಸಮನಾಗಿ ಮಾಡುವುದು ಬೇರೆ ಎಂಬ ಎರಡನೆಯ ಪಾಠ ಹೀಗೆ ಆರಂಭವಾಯಿತು. ಅದನ್ನೂ ಕಲಿತರು. ಅವರ ತೊಕಾಯ್ ಸೇಕಿ ಕಾರ್ಖಾನೆ ಟೊಯೋಟಾಕ್ಕೂ ಯುದ್ಧದ ಹಡಗು ವಿಮಾನಗಳಿಗೂ ಭಾಗಗಳನ್ನು ಒದಗಿಸಿತು. ಜಪಾನಿನ ಆಕ್ರಮಣದ ಯುದ್ಧಕ್ಕೆ ಅವರ ಯಂತ್ರಗಳೂ ದುಡಿದವೆಂಬುದನ್ನು ಮರೆಮಾಚುವುದು ಸರಿಯಲ್ಲ. ಬಾಂಬುಗಳಿಂದ ಒಂದು ಕಾರ್ಖಾನೆ ಹಾಳಾಯಿತು. 1945ರ ಜನವರಿಯ ಭೂಕಂಪದಲ್ಲಿ ಮತ್ತೊಂದು ಕುಸಿಯಿತು. ಯುದ್ಧ ಮುಗಿದಾಗ ಉಳಿದುದನ್ನು ಟೊಯೋಟಾಕ್ಕೆ 4,50,000 ಯೆನ್ನಿಗೆ ಮಾರಿ, ಸುಮಾರು ಒಂದು ವರ್ಷ ಏನೂ ಮಾಡದೆ ಕುಳಿತರು. ಮದ್ಯ ಬಟ್ಟಿಯಿಳಿಸುತ್ತ, ಶಾಕುಹಾಚಿ ಎಂಬ ಬಿದಿರಿನ ಕೊಳಲನ್ನು ನುಡಿಸುತ್ತ ಕಳೆದ ವರ್ಷ ಅದು.

1946ರ ಜಪಾನಿನಲ್ಲಿ ಅಕ್ಕಿ ಸಿಗುತ್ತಿರಲಿಲ್ಲ, ರೈಲುಗಳಲ್ಲಿ ಕಾಲಿಡಲು ಜಾಗವಿರಲಿಲ್ಲ. ಪಟ್ಟಣದವರು ಹಳ್ಳಿಗಳಿಗೆ ಸೈಕಲ್ ತುಳಿದುಕೊಂಡು ಹೋಗಿ ದವಸ ತರುತ್ತಿದ್ದರು. ಆಗ ಗೆಳೆಯರೊಬ್ಬರ ಮನೆಯಲ್ಲಿ ಹೊಂಡಾ ಅವರ ಕಣ್ಣಿಗೆ ಒಂದು ಪುಟ್ಟ ಎಂಜಿನ್ ಬಿತ್ತು. ಸೈನ್ಯದ ರೇಡಿಯೊಗೆ ವಿದ್ಯುತ್ ಒದಗಿಸಲು ಮಾಡಿದ್ದು, ಯುದ್ಧಾನಂತರ ಯಾರಿಗೂ ಬೇಡವಾದದ್ದು. ಇದನ್ನು ಸೈಕಲ್ಲಿಗೆ ಕಟ್ಟಿದರೆ? ಮನೆಯಲ್ಲಿದ್ದ, ಹಾಸಿಗೆ ಬೆಚ್ಚಗಿಡಲು ಬಿಸಿನೀರು ತುಂಬುವ ಪಾತ್ರೆ ಮೊದಲ ಪೆಟ್ರೋಲ್ ಟ್ಯಾಂಕಾಯಿತು. ಎಂಜಿನ್ನಿನ ಬಲವನ್ನು ಮೊದಲು ಮುಂದಿನ ಚಕ್ರಕ್ಕೆ ಉಜ್ಜುವ ಉರುಳೆಯಿಂದ ಕೊಡಲು ನೋಡಿದರು, ಟೈರು ಸವೆಯಿತು. ಬಳಿಕ ಬೆಲ್ಟಿನ ಮೂಲಕ ಹಿಂದಿನ ಚಕ್ರವನ್ನು ತಿರುಗಿಸಿದರು. ಪೆಟ್ರೋಲು ರೇಷನ್ನಿನದಾದ್ದರಿಂದ ಪೈನ್ ಮರದ ಬೇರಿನಿಂದ ತೆಗೆದ ಎಣ್ಣೆಯನ್ನು ಅದಕ್ಕೆ ಬೆರೆಸುತ್ತಿದ್ದರು, ಬಂಡಿ ಹೋದ ದಾರಿಯುದ್ದಕ್ಕೂ ಅದರ ನಾತ.

ಈ ಬಂಡಿಯನ್ನು ಬೀದಿಯಲ್ಲಿ ಪರೀಕ್ಷಿಸಿದವರು ಸಾಚಿ. ದವಸಕ್ಕಾಗಿ ದೂರ ತುಳಿಯುತ್ತಿದ್ದವರು ಅವರೇ ಆದ್ದರಿಂದ ಕಷ್ಟ ತಿಳಿದಿದ್ದುದೂ ಅವರಿಗೇ. ಹೆಂಗಸರೂ ನಡೆಸಬಲ್ಲರೆಂಬುದನ್ನು ಊರಿಗೆ ತೋರಿಸುವ ಉದ್ದೇಶವೂ ಪತಿಗಿತ್ತು. ಪೇಟೆಯ ಜನನಿಬಿಡ ದಾರಿಗಳಲ್ಲಿ ಓಡಿಸಿ ಮರಳಿದ ಸಾಚಿ, ಒಳ್ಳೆಯ ಉಡುಪೆಲ್ಲ ಎಣ್ಣೆಯಾಯಿತೆಂದು ದೂರಿದರು. ಕಾರ್ಬ್ಯುರೇಟರಿನಿಂದ ಹಿಂದಕ್ಕೆ ಸಿಡಿಯುತ್ತಿದ್ದ ಎಣ್ಣೆಯ ದೋಷ ಹೀಗೆ ಪತ್ತೆಯಾಗಿ ಮುಂದಿನವುಗಳಲ್ಲಿ ತಿದ್ದಲ್ಪಟ್ಟಿತು. ಸಿಕ್ಕ ಸುಮಾರು 500 ಸೈನ್ಯದ ಎಂಜಿನ್ನುಗಳನ್ನು ಇದ್ದ ಹಾಗೆಯೇ ಅವರು ಕಟ್ಟಿ ಮಾರಲಿಲ್ಲವೆಂಬುದನ್ನು ಇಲ್ಲಿ ನೆನೆಯಬೇಕು. ಒಂದೊಂದನ್ನೂ ಬಿಚ್ಚಿ, ಸರಿಪಡಿಸಿ, ಮತ್ತೆ ಜೋಡಿಸಿ, ಓಡಿಸಿ ನೋಡಿದ ಮೇಲೆಯೇ ಕೊಟ್ಟರು. ನಮ್ಮ ಊರುಗಳಲ್ಲಿ ಈಗ ಬೈಕನ್ನು ಮಾರ್ಪಡಿಸುವುದೆಂದರೆ ಸೈಲೆನ್ಸರ್ ಕೊರೆದು ಬೀದಿಯ ಮುದುಕರ ನಿದ್ದೆ ಕೆಡಿಸುವುದು ಎಂಬಂತಾಗಿದೆ. ಬಿಸಿನೀರಿನ ಪಾತ್ರೆಯನ್ನು ಟ್ಯಾಂಕಾಗಿಸಿದ್ದೂ ಮಾರ್ಪಾಡೇ; ಅಲ್ಲಿ ಒಂದು ಅಗತ್ಯವಿತ್ತು, ಅಳತೆಯಿತ್ತು.

ಸೈನ್ಯದ ಎಂಜಿನ್ನುಗಳು ಮುಗಿದಾಗ 1947ರಲ್ಲಿ ತಾವೇ ಎಂಜಿನ್ ಮಾಡಿದರು. 1948ರ ಸೆಪ್ಟೆಂಬರ್ 24ರಂದು ಹೊಂಡಾ ಮೋಟಾರ್ ಕಂಪನಿ 10 ಲಕ್ಷ ಯೆನ್ ಬಂಡವಾಳದೊಂದಿಗೆ ಹುಟ್ಟಿತು. ಮರುವರ್ಷ ಡ್ರೀಮ್ ಎಂಬ ಮೊದಲ ಪೂರ್ಣ ಮೋಟಾರ್ ಸೈಕಲ್ ಬಂತು. ಅದೇ ವರ್ಷ ತಾಕೆಯೊ ಫುಜಿಸಾವಾ ಜೊತೆಗೂಡಿದರು. ಹಣ, ಮಾರಾಟ, ಆಡಳಿತ ಅವರ ಪಾಲು. ಯಂತ್ರ ಹೊಂಡಾ ಅವರ ಪಾಲು. ಕಂಪನಿಯ ಅಧಿಕೃತ ಮುದ್ರೆಯನ್ನು ಹೊಂಡಾ ಫುಜಿಸಾವಾ ಅವರ ಕೈಗೊಪ್ಪಿಸಿ ಮತ್ತೆ ಅದರತ್ತ ನೋಡಲಿಲ್ಲ. ರಬ್ಬರಿನ ಸುಳ್ಳು ಮುದ್ರೆ ಕೆತ್ತಿದ್ದ ಹುಡುಗ ನಿಜವಾದ ಮುದ್ರೆಯನ್ನು ಹೀಗೆ ಬೇರೆಯವರಿಗೆ ಕೊಟ್ಟು ನಿಶ್ಚಿಂತನಾದ.

1954ರಲ್ಲಿ ಕಂಪನಿ ಸಾಲದಲ್ಲಿ ಮುಳುಗುವಂತಿತ್ತು. ಆ ವರ್ಷವೇ ಹೊಂಡಾ ಬ್ರಿಟನ್ನಿನ ಐಲ್ ಆಫ್ ಮ್ಯಾನ್ ದ್ವೀಪದ ಟಿಟಿ ರೇಸಿನಲ್ಲಿ ಭಾಗವಹಿಸುವುದಾಗಿ ಘೋಷಿಸಿದರು. ಹೋಗಿ ನೋಡಿದರೆ ಅಲ್ಲಿನ ಬೈಕುಗಳಿಗೆ ತಮ್ಮವುಗಳ ಮೂರು ಪಟ್ಟು ಶಕ್ತಿ! ಬಿಡಿಭಾಗಗಳನ್ನು ಕೊಂಡು ಪೆಟ್ಟಿಗೆಗೆ ತುಂಬಿಕೊಂಡು ಮರಳಿದರು. 1959ರಲ್ಲಿ ಅವರ ತಂಡ 125 ಸಿಸಿ ವಿಭಾಗದಲ್ಲಿ ಆರನೆಯ ಸ್ಥಾನ ಗಳಿಸಿತು. 1961ರಲ್ಲಿ 125 ಮತ್ತು 250 ಸಿಸಿ ಎರಡರಲ್ಲೂ ಮೊದಲ ಐದು ಸ್ಥಾನಗಳು ಹೊಂಡಾದವು.

ರೇಸುಗಳಿಗಿಂತ ನಮ್ಮಂಥವರಿಗೆ ಹತ್ತಿರವಾದುದು 1958ರ ಸೂಪರ್ ಕಬ್. ಒಂದು ಕೈಯಲ್ಲಿ ಊಟದ ತಟ್ಟೆಗಳ ರಾಶಿ ಹಿಡಿದು ಸೈಕಲ್ಲಿನಲ್ಲಿ ಹೋಗುವ ನೂಡಲ್ ಅಂಗಡಿಯ ಹುಡುಗನೂ ಇದನ್ನು ಓಡಿಸುವಂತಿರಬೇಕು ಎಂಬುದು ಅದರ ಗುರಿ. ಆದ್ದರಿಂದ ಕೈ ಕ್ಲಚ್ ಇಲ್ಲ, ಎಡಗೈ ಬಿಡುವಾಗಿದೆ. ಕಿಮೊನೊ ತೊಟ್ಟವರು ಕಾಲೆತ್ತದೆ ಹತ್ತಬಹುದು. ಕೆಸರು ತಡೆಯಲು ಮುಂದೆ ಪ್ಲಾಸ್ಟಿಕ್ಕಿನ ಗುರಾಣಿ. 50 ಸಿಸಿ ಫೋರ್ ಸ್ಟ್ರೋಕ್ ಎಂಜಿನ್ ಮುಂದಕ್ಕೆ ಮಲಗಿದಂತಿದೆ, ಪ್ಲಗ್ಗು ಕೈಗೆಟಕುತ್ತದೆ, ಮಾಮೂಲಿನ ಕೆಲಸಕ್ಕೆ ನಾಲ್ಕಾರು ಪಾನಾಗಳು ಸಾಕು. 2017ರ ಹೊತ್ತಿಗೆ ಈ ಕುಟುಂಬದ 10 ಕೋಟಿ ಬಂಡಿಗಳು ತಯಾರಾಗಿದ್ದವು. ನಮ್ಮ ಹಿತ್ತಲಿನ ಸಿಡಿ 100ರ ಎಂಜಿನ್ನೂ ಹಾಗೆಯೇ ಮುಂದಕ್ಕೆ ಮಲಗಿದೆ. ಅದರ ಮುಂದೆ ಮಣೆ ಹಾಕಿ ಕುಳಿತ ಬಾಲಕಿ ಬಗ್ಗದೆಯೇ ಪ್ಲಗ್ ಕಳಚುತ್ತಾಳೆ. 1969ರಲ್ಲಿ ಬಂದ ಸಿಬಿ 750 ಇನ್ನೊಂದು ತೆರನಾದುದು. ನಾಲ್ಕು ಸಿಲಿಂಡರು, ನಾಲ್ಕು ಕಾರ್ಬ್ಯುರೇಟರು. ಆ ನಾಲ್ಕನ್ನೂ ಒಂದೇ ಶ್ರುತಿಗೆ ತರುವ ಕೆಲಸದಲ್ಲಿ ರಜೆಯ ದಿನಗಳನ್ನು ಕಳೆಯುವವರು ಇಂದಿಗೂ ಹಲವು ದೇಶಗಳಲ್ಲಿದ್ದಾರೆ.

ಹೊಂಡಾ ಅವರು ಸೌಮ್ಯರಾಗಿರಲಿಲ್ಲ. ಕೆಲಸ ಕೆಟ್ಟರೆ ಬೈಯುತ್ತಿದ್ದರು, ಕೈಗೆ ಸಿಕ್ಕ ಪಾನಾ ಎಸೆಯುತ್ತಿದ್ದರು, ಹೊಡೆದದ್ದೂ ಉಂಟು. ಇದನ್ನು ಮಹಾಪುರುಷರ ಲಕ್ಷಣವೆಂದು ಹೊಗಳುವವರಿದ್ದಾರೆ. ತರಗತಿಯಲ್ಲಿ ಬೆತ್ತ ಕೆಳಗಿಟ್ಟ ನಾವು ಅವರ ಜೊತೆ ಸೇರಲಾರೆವು. ಹಠವೂ ಅಷ್ಟೇ ಇತ್ತು. ಎಂಜಿನ್ನನ್ನು ಗಾಳಿಯಿಂದಲೇ ತಂಪಾಗಿಸಬೇಕೆಂದು ಪಟ್ಟುಹಿಡಿದರು. 1968ರಲ್ಲಿ ಅಂಥದೊಂದು ರೇಸ್ ಕಾರು ಫ್ರಾನ್ಸಿನ ಗ್ರಾಂಪ್ರಿಯಲ್ಲಿ ಉರುಳಿ ಹೊತ್ತಿಕೊಂಡು ಚಾಲಕ ಜೋ ಶ್ಲೆಸರ್ ಮಡಿದರು. ಕಿರಿಯ ಎಂಜಿನಿಯರುಗಳು ನೀರಿನ ತಂಪೇ ಸರಿಯೆಂದು ವಾದಿಸಿದರೂ ಕೇಳಲಿಲ್ಲ. ತಾವು ಕಂಪನಿಯ ಅಧ್ಯಕ್ಷರೋ ಎಂಜಿನಿಯರೋ ಎಂಬುದನ್ನು ನಿರ್ಧರಿಸಿಕೊಳ್ಳಬೇಕೆಂದು ಫುಜಿಸಾವಾ ಕೇಳಿದಾಗ ಮೌನವಾಗಿದ್ದು, ಅಧ್ಯಕ್ಷನಾಗಿರುತ್ತೇನೆಂದು ಒಪ್ಪಿದರು. ಕಿರಿಯರಿಗೆ ದಾರಿಯಾಯಿತು. ಅವರು 1972ರಲ್ಲಿ ಪ್ರಕಟಿಸಿದ ಸಿವಿಸಿಸಿ ಎಂಜಿನ್, ಅಮೆರಿಕದ ಹೊಸ ಕಠಿಣ ಹೊಗೆ ನಿಯಮವನ್ನು ಪೂರೈಸಿತು. ತಾವು ಮಾಡಲಾಗದ್ದನ್ನು ಹುಡುಗರು ಮಾಡಿದರೆಂಬುದನ್ನು ಹೊಂಡಾ ಕಂಡರು. 1973ರ ಅಕ್ಟೋಬರಿನಲ್ಲಿ ಫುಜಿಸಾವಾ ಅವರೊಂದಿಗೇ ನಿವೃತ್ತರಾದರು. ಇಬ್ಬರ ಮಕ್ಕಳಿಗೂ ಗದ್ದುಗೆ ಸಿಗಲಿಲ್ಲ. ಹಿಂದೆ ಹಕೋನೆ ಘಾಟಿಯಲ್ಲಿ ಡ್ರೀಮ್ ಬೈಕನ್ನು ಪರೀಕ್ಷೆಗಾಗಿ ಏರಿಸಿದ್ದ ಕಿಯೊಶಿ ಕವಾಶಿಮಾ ಅಧ್ಯಕ್ಷರಾದರು.

ನಿವೃತ್ತಿಯ ಬಳಿಕ ಹೊಂಡಾ ದೇಶವೆಲ್ಲ ಸುತ್ತಿ, ಸುಮಾರು 700 ಕಾರ್ಖಾನೆ ಹಾಗೂ ಅಂಗಡಿಗಳಿಗೆ ಹೋಗಿ ಒಬ್ಬೊಬ್ಬರ ಕೈಕುಲುಕಿ ಕೃತಜ್ಞತೆ ಹೇಳಿದರು. ಒಂದೆಡೆ ಕೆಲಸಗಾರನೊಬ್ಬ ಕೈಗೆ ಎಣ್ಣೆ ಮೆತ್ತಿದೆಯೆಂದು ಹಿಂಜರಿದು ತೊಳೆಯಲು ಹೊರಟಾಗ, ಅವನ ಕೈಯನ್ನು ಬರಸೆಳೆದು ಎರಡೂ ಕೈಗಳಿಂದ ಹಿಡಿದರು. ಆಮೇಲೆ ತಮ್ಮ ಅಂಗೈಗೆ ಹತ್ತಿದ ಎಣ್ಣೆಯನ್ನು ಸಂತೋಷದಿಂದ ಮೂಸಿದರೆಂದು ಹೇಳುತ್ತಾರೆ.

1991ರ ಆಗಸ್ಟ್ 5ರಂದು, 84ನೆಯ ವಯಸ್ಸಿನಲ್ಲಿ, ಅವರು ಟೋಕಿಯೊದಲ್ಲಿ ತೀರಿಕೊಂಡರು. ದೊಡ್ಡ ಶವಸಂಸ್ಕಾರ ನಡೆಸಿದರೆ ರಸ್ತೆಗಳಲ್ಲಿ ವಾಹನಗಳು ನಿಂತು ಜನರಿಗೆ ತೊಂದರೆಯಾಗುತ್ತದೆ, ವಾಹನ ಮಾಡುವವನು ಹಾಗೆ ಮಾಡಕೂಡದು ಎಂದು ಮೊದಲೇ ತಿಳಿಸಿದ್ದರು. ಕಂಪನಿ ಅದನ್ನು ಪಾಲಿಸಿತು.

ನಮ್ಮ ಸಿಡಿ 100 ಈ ವಾರ ಬೆಳಗಿನ ಚಳಿಗೆ ಮೊಂಡುಬಿದ್ದಿದೆ. ಕಾರ್ಬ್ಯುರೇಟರಿನ ಜೆಟ್ಟಿನಲ್ಲಿ ಕಸ ಕೂತಿರಬೇಕು. ಬರುವ ಭಾನುವಾರ ಬಿಚ್ಚುತ್ತೇವೆ. ಭಾಗಗಳ ಹೆಸರುಗಳನ್ನು ಕನ್ನಡದಲ್ಲಿ ಬರೆದ ಚೀಟಿಗಳನ್ನು ಏಳನೆಯ ತರಗತಿಯವರು ಸಿದ್ಧಪಡಿಸಿದ್ದಾರೆ. ಬರಬಯಸುವ ಮಕ್ಕಳು ಹಳೆಯ ಬಟ್ಟೆ ತೊಟ್ಟು ಬರಲಿ, ಪಾಲಕರೂ ಬರಬಹುದು.